ಟೀಗೆ ಏನಾದ್ರೂ ಕೊಡಿ ಅಂದಾಗ ಏನು ಮಾಡಬೇಕು?

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುವಾಗ ಸಪ್ಲೈಯರ್ ಕೇಳದೇ ಇನ್ನೊಂದಿಷ್ಟು ಪಲ್ಯ ಹಾಕಿದರೆ, ಹತ್ತು ರೂಪಾಯಿ ತಟ್ಟೆ ಪಕ್ಕ ಇಟ್ಟು ಏಳುತ್ತೇವೆ. ಇಡದಿದ್ದರೂ ಯಾರೂ ಮುಖ ಗಂಟಿಕ್ಕುವುದಿಲ್ಲ. ಅದು ಟಿಪ್ಸ್. ಕೆಲಸಕ್ಕೆ ಮೊದಲೇ ಕೇಳಿದರೆ, ಇಲ್ಲವೇ ಕೊಡುವ ತನಕ ಬಾಗಿಲಲ್ಲೇ ನಿಂತರೆ ಅದು ವಸೂಲಿ.

ನಮ್ಮನೆಯ ತಲೆನೋವು ಗ್ಯಾಸ್ ಸಿಲಿಂಡರಿನದು. ತರುವ ಹುಡುಗ ಬಾಯಿಬಿಟ್ಟು ಕೇಳುವುದೂ ಇಲ್ಲ, ಚಿಲ್ಲರೆ ಇಲ್ಲ ಅಂತ ಉಳಿದ ದುಡ್ಡನ್ನು ಜೇಬಿಗೆ ಹಾಕಿಕೊಂಡು ಗಾಡಿ ಹತ್ತುತ್ತಿದ್ದ, ನಾನೂ ನಲವತ್ತು ರೂಪಾಯಿಗೆ ಯಾಕೆ ಜಗಳ ಅಂತ ಎರಡು ವರ್ಷ ಸುಮ್ನೆ ಇದ್ದೆ. ಮನೆಗೆ ತಲುಪಿಸುವ ಖರ್ಚು ಬಿಲ್‌ನಲ್ಲೇ ಸೇರಿರುತ್ತದೆ, ಬೇರೆ ಕೊಡಬೇಕಿಲ್ಲ. ಅದಕ್ಕೇ ಬುಕ್ ಮಾಡುವಾಗಲೇ ಫೋನಿನಲ್ಲಿ ದುಡ್ಡು ಕಟ್ಟಿಬಿಡಿ. ಕೈಯಲ್ಲಿ ಕೊಡುವುದಾದರೆ ಸರಿಯಾದ ಚಿಲ್ಲರೆ ಎಣಿಸಿ ಇಟ್ಟುಕೊಳ್ಳಿ, ಬಿಲ್ ಕೇಳಿ ಪಡೆಯಿರಿ. ತೂಕ ನೋಡಲು ಮರೆಯಬೇಡಿ: ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕೆಜಿ ಕೂಡಿಸಿದಷ್ಟು ಬರಬೇಕು. ಮೊಬೈಲಿಗೆ ಬಂದ ಕೋಡನ್ನು ಇದೆಲ್ಲ ಮುಗಿದ ಮೇಲೇ ಹೇಳಿ. ಅವನು ಗೊಣಗಿದರೆ, "ಬಿಲ್‌ನಲ್ಲಿ ಇರುವಷ್ಟು ಕೊಟ್ಟಿದ್ದೀನಿ ತಮ್ಮಾ" ಅಂದರೆ ಸಾಕು, ಕಾರಣ ವಿವರಿಸಲು ಹೋದರೆ ಮಾತು ಬೆಳೆಯುತ್ತದೆ. ಪ್ರತಿ ಸಲವೂ ಇದೇ ಆದರೆ ಗ್ಯಾಸ್ ಸಹಾಯವಾಣಿ 1800-2333-555ಕ್ಕೆ ದೂರು ಕೊಡಿ. ಹಾಗಂತ ಏಪ್ರಿಲ್ ಬಿಸಿಲಲ್ಲಿ ಮೂರನೇ ಮಹಡಿಗೆ ಸಿಲಿಂಡರ್ ಹೊತ್ತು ತಂದವನಿಗೆ ಇಪ್ಪತ್ತು ರೂಪಾಯಿ ಕೊಟ್ಟರೆ ತಪ್ಪೇನಿಲ್ಲ, ನಾನೂ ಕೊಡುತ್ತೇನೆ.

ಏಸಿ ಹೋಟೆಲ್‌ಗಳಲ್ಲಿ ಬಿಲ್ ಕೆಳಗಿನ ಸಾಲು ಓದಿ. ಜಿಎಸ್‌ಟಿ ಸರ್ಕಾರದ ತೆರಿಗೆ, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ನಿಮ್ಮನ್ನು ಕೇಳದೆ ಅದನ್ನು ಬಿಲ್‌ಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಸಪ್ಲೈಯರ್ ಮೇಲೆ ರೇಗಬೇಡಿ, ಬಿಲ್ ಮಾಡಿದ್ದು ಅವರಲ್ಲ. ಕೌಂಟರಿಗೆ ಹೋಗಿ "ಇದನ್ನು ತೆಗೆದು ಬೇರೆ ಬಿಲ್ ಕೊಡಿ" ಅನ್ನಿ. ಒಪ್ಪದಿದ್ದರೆ ಬಿಲ್‌ನ ಫೋಟೊ ಹೊಡೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಬೆಂಗಳೂರಿಗೆ ಹೋದಾಗ ಆ್ಯಪ್‌ನಲ್ಲಿ ಆಟೊ ಕರೆದರೆ, ಬೇಗ ಬೇಕಾ, ಮೊದಲೇ ಟಿಪ್ಸ್ ಸೇರಿಸಿ ಅಂತ ಕೇಳಿದ್ದುಂಟು. ಹತ್ತುವ ಮೊದಲೇ ಏನು ಮೆಚ್ಚಿ ಕೊಡಬೇಕೋ! ಎರಡು ನಿಮಿಷ ಕಾಯಿರಿ, ಗಾಡಿ ಬರುತ್ತದೆ.

ಸರ್ಕಾರಿ ಕಚೇರಿಯಲ್ಲಿ "ಖುಷಿಗೆ ಕೊಡಿ" ಅಂದರೆ ಮಾತ್ರ ಅದು ಲಂಚವೇ. 2018ರಿಂದ ಕೊಟ್ಟವರ ಮೇಲೂ ಕೇಸ್ ಆಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು.

ಇಷ್ಟೆಲ್ಲ ಆದ ಮೇಲೂ ಕೊಡುವ ಮನಸ್ಸಾದರೆ ಕೈಗೇ ಕೊಡಿ. ಬಿಲ್ ಜೊತೆ ಸೇರಿಸಿ ಸ್ಕ್ಯಾನ್ ಮಾಡಿದರೆ ದುಡ್ಡು ಮಾಲೀಕರ ಖಾತೆಗೆ ಹೋಗುತ್ತದೆ, ಪಲ್ಯ ಹಾಕಿದವರಿಗೆ ಸಿಗುತ್ತದೋ ಇಲ್ಲವೋ. ಜೇಬಲ್ಲಿ ಹತ್ತರ ನೋಟು ನಾಲ್ಕು ಇರಲಿ.