ಮಕ್ಕಳ ಟೈಪ್ 1 ಶುಗರ್ ಲೆಕ್ಕ ಇಡೋದು ಹೆಂಗ?

ಟೈಪ್ 1 ಶುಗರ್, ಅಂದ್ರ ಮೈಯಾಗ ಇನ್ಸುಲಿನ್ ತಯಾರಾಗೋದು ನಿಂತು ಬರೋ ಸಕ್ಕರೆ ಕಾಯಿಲೆ, ಮಕ್ಕಳಿಗೆ ಯಾಕ ಬರ್ತೈತಿ ಅಂತ ಹುಡುಕೋಕಿಂತ ಮೊದ್ಲು ಎಷ್ಟು ಮಂದಿಗೆ ಹೊಸದಾಗಿ ಬಂತು ಅಂತ ಎಣಿಸ್ಬೇಕ್ರಿ. ಒಂದು ತಾಲೂಕು ಹಿಡೀರಿ, ಗಂಗಾವತಿ ಅಂತಿಟ್ಕೋರಿ, 15 ವರ್ಷದೊಳಗಿನ ಮಕ್ಕಳು ಅಷ್ಟ. ರೋಗ ಬಂದ ತಾರೀಖು ಅಂದ್ರ ಮೊದಲ್ನೇ ಇನ್ಸುಲಿನ್ ಸೂಜಿ ಹಾಕಿದ ದಿನ, ಊರು ಅಂದ್ರ ಆವಾಗ ಮನಿ ಇದ್ದದ್ದು, ಯಾಕಂದ್ರ ನಮ್ ಕಡಿ ಮಂದಿ ದುಡಿಯಾಕ ಬೆಂಗಳೂರಿಗೆ ಹೋಗಿಬಿಡ್ತಾರ.

ಒಂದೇ ಪಟ್ಟಿ ನಂಬಬ್ಯಾಡ್ರಿ. ಹುಬ್ಬಳ್ಳಿ, ಬಳ್ಳಾರಿಗೆ ತೋರಿಸಾಕ ಹೋದೋರನ್ನೂ ಸೇರಿಸಿ ದವಾಖಾನಿ ಪಟ್ಟಿ ಮಾಡ್ರಿ, ಸಾಲಿಗೆ ಹೋಗಿ ಇನ್ನೊಂದು ಬ್ಯಾರೆ ಮಾಡ್ರಿ. ಉದಾಹರಣೆಗೆ ಮೊದಲ್ನೇದ್ರಾಗ 40, ಎರಡನೇದ್ರಾಗ 30, ಎರಡ್ರಾಗೂ ಇರೋರು 24 ಅನ್ರಿ. ಸಾಲಿ ಪಟ್ಟಿಯ 30ರಾಗ 24 ಮಂದಿ ದವಾಖಾನಿ ಪಟ್ಟಿಯಾಗೂ ಅದಾರ, ಅಂದ್ರ ದವಾಖಾನಿ ಪಟ್ಟಿ ನೂರಕ್ಕ 80 ಮಂದಿನ ಹಿಡಿದೈತಿ; ಹಂಗಾಗಿ ಒಟ್ಟು 40×30÷24, ಅಂದಾಜು 50 ಮಂದಿ; ಎರಡೂ ಪಟ್ಟಿ ಸೇರಿ ಕೈಗೆ ಸಿಕ್ಕೋರು 46, ನಾಕು ಮಕ್ಕಳು ತಪ್ಪಿಸ್ಕೊಂಡಾರ.

ಆಮ್ಯಾಲೆ ವರ್ಷಕ್ಕ ಪ್ರತಿ ಒಂದು ಲಕ್ಷ ಮಕ್ಕಳಾಗ ಎಷ್ಟು ಮಂದಿಗೆ ಹೊಸದಾಗಿ ಬಂತು ಅಂತ ತಗೀರಿ. ಫಿನ್‌ಲೆಂಡ್‌ನಾಗ ಇದು 50ರ ಮ್ಯಾಲೆ ಹೋಗಿತ್ತು, ಪಕ್ಕದ ರಷ್ಯಾದ ಕರೇಲಿಯಾದಾಗ ವಂಶವಾಹಿ ಹತ್ರಹತ್ರ ಒಂದೇ ಇದ್ರೂ ಆರು ಪಟ್ಟು ಕಮ್ಮಿ, ಅದಕ್ಕ ಪರಿಸರದ ಮ್ಯಾಲೆ ಅನುಮಾನ. ಹಂಗಂತ ಭತ್ತದ ಗದ್ದಿ ಔಷಧನ ಕಾರಣ ಅಂತ ಹೊಂಟ್ಬಿಡ್ಬ್ಯಾಡ್ರಿ, ಅದೇ ಊರಿನ ಅದೇ ವಯಸ್ಸಿನ ಶುಗರ್ ಇಲ್ಲದ ಮಕ್ಕಳಿಗೂ ನೀರು, ಹಾಲು, ಜ್ವರ ಬಂದ ತಿಂಗಳು ಎಲ್ಲಾ ಕೇಳಿ ಹೋಲಿಸ್ರಿ.