ಮೇಕೇರಿ ಏರನ್ನು ಬಟ್ಟೆಗೆ ಹೊಲಿದದ್ದು

ವಿರಾಜಪೇಟೆಯಿಂದ ಮಡಿಕೇರಿಗೆ ಕಾರಿನಲ್ಲಿ ಹೋಗುವವರಿಗೆ ಮೇಕೇರಿ ಅಂದರೆ ದಾರಿಯಲ್ಲಿ ಸಿಗುವ ಒಂದು ಬೋರ್ಡು. ಸೈಕಲ್ ತುಳಿಯುವ ನನಗೆ ಅದು ಏರು. ಬೇತ್ರಿಯಲ್ಲಿ ಕಾವೇರಿ ದಾಟುವವರೆಗೆ ಹಾಡು ಗುನುಗುತ್ತಾ ಬಂದವಳು ಮೂರ್ನಾಡು, ಹಾಕತ್ತೂರು ಕಳೆಯುವ ಹೊತ್ತಿಗೆ ಸುಮ್ಮನಾಗುತ್ತೇನೆ. ಮೇಕೇರಿ ದಾಟಿದ ಮೇಲೆ ಮುಂದಿನ ಚಕ್ರದ ಎದುರಿನ ಎರಡು ಮಾರು ರಸ್ತೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬೆಟ್ಟ, ಮಂಜು, ತೋಟ ಎಲ್ಲ ಪಕ್ಕದಲ್ಲೇ ಇರುತ್ತವೆ. ನೋಡಲು ಕತ್ತು ತಿರುಗಿಸಬೇಕಲ್ಲ!

ನಾನು ಮೈಸೂರಿನಲ್ಲಿ ಟೆಕ್ಸ್‌ಟೈಲ್ ಡಿಸೈನ್ ಓದುತ್ತಿದ್ದೇನೆ. ಮನೆ ಮೂರ್ನಾಡಿನ ಹತ್ತಿರ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮಗೆ ಗೊತ್ತಿರುವ ಒಂದು ಜಾಗವನ್ನು ಬಟ್ಟೆಯಲ್ಲಿ ಮಾಡಬೇಕಿತ್ತು. ಸುಲಭ ಅಲ್ವಾ ಅಂದುಕೊಂಡೆ. ಕೊಡಗಿನವಳಿಗೆ ಬೆಟ್ಟಕ್ಕೇನು ಬರ! ಮೊದಲ ಸಲ ಮಾಡಿದ್ದು ಹಸಿರು ಬಟ್ಟೆಯ ತುಂಡುಗಳನ್ನು ಒಂದರ ಹಿಂದೆ ಒಂದು ಹಚ್ಚಿದ ಬೆಟ್ಟಸಾಲು. ನಡುವೆ ಮಂಜಿಗೆ ಹತ್ತಿ, ಮೂಲೆಯಲ್ಲಿ ಗಂಟು ಹೊಲಿಗೆಯ ಕಾಫಿ ಹೂ, ಕೆಳಗೊಂದು ಪುಟ್ಟ ಸೈಕಲ್. ಗೈಡ್ ಮೇಡಂ ಎರಡು ನಿಮಿಷ ನೋಡಿದರು. "ಚೆನ್ನಾಗಿದೆ. ಹೋಂಸ್ಟೇ ರಿಸೆಪ್ಷನ್ನಿನಲ್ಲಿ ಹಾಕಬಹುದು" ಅಂದರು. ಆಮೇಲೆ, "ಸೈಕಲ್ ತುಳಿದವಳು ಇದರಲ್ಲಿ ಎಲ್ಲಿದ್ದಾಳೆ?" ಅಂತ ಕೇಳಿದರು. ಸಿಟ್ಟು ಬಂತು. ಬಸ್ಸಿನಲ್ಲಿ ಊರಿಗೆ ಬರುವಾಗ ಪಿರಿಯಾಪಟ್ಟಣ ದಾಟುವವರೆಗೂ ಸಿಟ್ಟಿತ್ತು. ಆದರೆ ಅವರು ಹೇಳಿದ್ದು ಸರಿ. ಅದು ಕಾರಿನ ಕಿಟಕಿಯಿಂದ ಕಂಡ ಕೊಡಗು.

ಎರಡನೇ ಪ್ರಯತ್ನ ಇನ್ನೂ ಮೋಜಿನದು. ಕೊಟ್ಟಿಗೆಯ ಅಟ್ಟದಲ್ಲಿ ಅಜ್ಜನ ಹಳೇ ಸೈಕಲ್ ಬಿದ್ದಿತ್ತು. ಅದರ ಹಿಂದಿನ ಚಕ್ರ ಬಿಚ್ಚಿ ಅದನ್ನೇ ಮಗ್ಗ ಮಾಡಿಕೊಂಡೆ. ಸ್ಪೋಕುಗಳೇ ಹಾಸು, ಹಳೇ ಸೀರೆಯ ಪಟ್ಟಿಗಳು ಹೊಕ್ಕು. ಒಂದು ಸ್ಪೋಕಿನ ಮೇಲೆ, ಮುಂದಿನದರ ಕೆಳಗೆ ಅಂತ ಪಟ್ಟಿ ಹಾಯಿಸಿಕೊಂಡು ಒಂದು ಸುತ್ತು ಬಂದೆ. ಎರಡನೇ ಸುತ್ತಿನಲ್ಲಿ ನೋಡಿದರೆ ಪಟ್ಟಿ ಮತ್ತೆ ಅದೇ ಸ್ಪೋಕುಗಳ ಮೇಲೆಯೇ ಹೋಗುತ್ತಿದೆ. ನೇಯ್ಗೆ ಕೂರುತ್ತಲೇ ಇಲ್ಲ. ಎಣಿಸಿದೆ: 40 ಸ್ಪೋಕು. ಸಮಸಂಖ್ಯೆ. ದುಂಡಗೆ ನೇಯುವಾಗ ಹಾಸಿನ ಎಳೆ ಬೆಸವಾಗಿರಬೇಕು, ಆಗಲೇ ಪ್ರತಿ ಸುತ್ತಿಗೂ ಮೇಲೆ ಕೆಳಗೆ ಅದಲುಬದಲಾಗುವುದು. ಬುಟ್ಟಿ ಹೆಣೆಯುವವರಿಗೆಲ್ಲ ಗೊತ್ತಿರುವ ವಿಷಯ. ಎರಡು ಸ್ಪೋಕುಗಳನ್ನು ಸೇರಿಸಿ ಒಂದೇ ಅಂತ ಲೆಕ್ಕ ಹಾಕಿದೆ, ಸರಿಹೋಯಿತು. ಆದರೆ ಮುಗಿದ ಮೇಲೆ ಅದು ಬಾಗಿಲ ಮುಂದೆ ಹಾಕುವ ಮ್ಯಾಟಿನ ಹಾಗೆ ಕಾಣುತ್ತಿತ್ತು. ಈಗ ನಮ್ಮ ಬೆಕ್ಕು ಅದರ ಮೇಲೆ ಮಲಗುತ್ತದೆ.

ದಾರಿ ಸಿಕ್ಕಿದ್ದು ಪಕ್ಕದ ಮನೆ ಆಂಟಿಯಿಂದ. ಅವರು ಕೊಡವರು. ಮದುವೆಗೆ ಹೊರಟವರು ಸೀರೆ ಉಟ್ಟುಕೊಂಡು ನಮ್ಮ ಅಂಗಳದ ಮೆಟ್ಟಿಲು ಹತ್ತುತ್ತಿದ್ದರು. ನಾನು ಕೆಳಗೆ ಸೈಕಲ್ ತೊಳೆಯುತ್ತಾ ಕೂತಿದ್ದೆ. ಕೊಡವ ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ. ಚಿಕ್ಕಂದಿನಿಂದ ನೋಡಿದ್ದೇ. ಅಗಸ್ತ್ಯರ ಕಮಂಡಲದಿಂದ ಹೊರಟ ಕಾವೇರಿಯನ್ನು ಬಲಮುರಿಯಲ್ಲಿ ತಡೆಯಲು ಹೋದ ಹೆಂಗಸರ ನೆರಿಗೆ ನೀರಿನ ರಭಸಕ್ಕೆ ಹಿಂದೆ ಸರಿಯಿತು ಅಂತ ಕಥೆ. ಬಲಮುರಿ ನಮ್ಮ ಮನೆಯಿಂದ ದೂರವೇನಲ್ಲ. ಅವತ್ತು ಮಾತ್ರ ಆ ನೆರಿಗೆ ಬೇರೆ ಥರ ಕಂಡಿತು. ಮೆಟ್ಟಿಲು ಹತ್ತುವಾಗ ಒಂದಕ್ಕೊಂದು ಒತ್ತಿಕೊಳ್ಳುತ್ತಿತ್ತು, ಸಮನಾದ ಜಾಗಕ್ಕೆ ಬಂದಾಗ ಬಿಚ್ಚಿಕೊಳ್ಳುತ್ತಿತ್ತು. ಏರು ಅಂದರೆ ಇದೇ ಅಲ್ವಾ! ಬೆಟ್ಟದ ಚಿತ್ರ ಯಾಕೆ ಬೇಕು? ಬಟ್ಟೆಯನ್ನೇ ಹತ್ತಿಸಿದರಾಯಿತು.

ಲೆಕ್ಕ ಹೀಗೆ ಹಾಕಿದೆ. ವಿರಾಜಪೇಟೆಯಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಒಂದು ಕಿಲೋಮೀಟರಿಗೆ 10 ಸೆಂಟಿಮೀಟರ್ ಅಂದರೆ 3 ಮೀಟರ್ ಬಟ್ಟೆ. ಫೋನಿನ ಆ್ಯಪ್‌ನಲ್ಲಿ ಪ್ರತಿ ಕಿಲೋಮೀಟರಿನ ಎತ್ತರ ಬರೆದುಕೊಂಡೆ. ಅದರ ಜೊತೆಗೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ನನ್ನದೇ ಲೆಕ್ಕ: ಎಲ್ಲಿ ಗೇರ್ ಇಳಿಸಿದೆ, ಎಲ್ಲಿ ಸೀಟಿನಿಂದ ಎದ್ದೆ, ಎಲ್ಲಿ ಇಳಿದು ತಳ್ಳಿದೆ. ಆ್ಯಪ್‌ಗಿಂತ ನೋಟ್‌ಬುಕ್ಕೇ ಜಾಸ್ತಿ ಕೆಲಸಕ್ಕೆ ಬಂತು. ಆ್ಯಪ್‌ಗೆ ಎದುರುಗಾಳಿ ಗೊತ್ತಾಗುವುದಿಲ್ಲ.

ಇನ್ನು ಬಣ್ಣ. ಇಲ್ಲಿ ನನಗೆ ಚೆನ್ನಾಗಿ ಏಟು ಬಿತ್ತು. ಕೊಡಗಿನಲ್ಲಿ ಎತ್ತ ನೋಡಿದರೂ ಹಸಿರು. ಆದರೆ ಆ ಹಸಿರಲ್ಲಿ ಯಾವ ಎಲೆಯನ್ನು ಕುದಿಸಿದರೂ ಬಟ್ಟೆಗೆ ನಿಲ್ಲುವ ಹಸಿರು ಬರುವುದಿಲ್ಲ. ಹಳದಿಯೋ ಕಂದೋ ಬರುತ್ತದೆ. ಹಸಿರು ಬೇಕಾದರೆ ನೀಲಿಯ ಮೇಲೆ ಹಳದಿ ಹಾಕಬೇಕು. ಹಳದಿಗೆ ಅರಿಸಿನ ಸುಲಭ, ಆದರೆ ಬಿಸಿಲು ಕಂಡರೆ ಹಾರಿಹೋಗುತ್ತದೆ. ಹಲಸಿನ ಮರದ ಒಳತಿರುಳು ಒಳ್ಳೆಯದು. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಕುಗಳ ಬಟ್ಟೆಗೆ ಹಿಂದಿನಿಂದ ಬಳಸುತ್ತಿದ್ದದ್ದು ಅದನ್ನೇ. ನಮ್ಮಲ್ಲಿ ಸಾಮಿಲ್ಲಿನಲ್ಲಿ ಕೇಳಿದರೆ ಹಲಸಿನ ಪುಡಿ ಒಂದು ಚೀಲ ತುಂಬಿಕೊಡುತ್ತಾರೆ. ನನಗೆ ಕೊಟ್ಟವರು "ಏನಮ್ಮ, ಕೋಳಿಗೂಡಿಗಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ವಿವರಿಸಲು ಹೊತ್ತಿರಲಿಲ್ಲ.

ನೀಲಿಗೆ ಇಂಡಿಗೊ ಪುಡಿ ತರಿಸಿದೆ. ಅದು ನೀರಿನಲ್ಲಿ ಸುಮ್ನೆ ಕರಗುವುದಿಲ್ಲ. ಸುಣ್ಣ, ಬೆಲ್ಲ ಸೇರಿಸಿ ಬೆಚ್ಚಗಿಟ್ಟರೆ ನೀರಿನ ಒಳಗೆ ಗಾಳಿ ಇಲ್ಲದ ಹಾಗಾಗಿ ನಿಧಾನಕ್ಕೆ ಕರಗುತ್ತದೆ. ಪುಡಿ ಒಂದು ಪಾಲಾದರೆ ಸುಣ್ಣ ಎರಡು, ಬೆಲ್ಲ ಮೂರು. ಬೆಲ್ಲ ಸ್ವಲ್ಪ ಜಾಸ್ತಿಯೇ ಹಿಡಿಯಿತು. ನಮ್ಮಲ್ಲಿ ಆಗ ಚಳಿ. ಎರಡು ದಿನ ಕಾದರೂ ಏನೂ ಆಗಲಿಲ್ಲ. ಕೊನೆಗೆ ಅಜ್ಜಿ ಬಕೆಟ್ಟನ್ನು ಬಚ್ಚಲ ಹಂಡೆಯ ಪಕ್ಕಕ್ಕೆ ಎಳೆದಿಟ್ಟರು. ಮಾರನೇ ಬೆಳಗ್ಗೆ ಮೇಲೆ ತಾಮ್ರದ ಬಣ್ಣದ ಕೆನೆ, ಕೆಳಗೆ ಹಳದಿ ಮಿಶ್ರಿತ ಹಸಿರು ನೀರು. ಬಟ್ಟೆ ಅದ್ದಿ ತೆಗೆದರೆ ಮೊದಲು ಎಳೇ ಹಸಿರು. ಗಾಳಿ ತಾಗಿದ ಹಾಗೆ ಅಂಚಿನಿಂದ ನೀಲಿ ತಿರುಗುತ್ತಾ ಬರುತ್ತದೆ. ಅಮ್ಮ ಅಡುಗೆ ಬಿಟ್ಟು ಬಂದು ನೋಡಿದರು. ಹತ್ತು ಸಲ ನೋಡಿದರೂ ಸಾಕಾಗುವುದಿಲ್ಲ ಅದು.

ಮೊದಲ ತುಂಡಿನಲ್ಲಿ ನಾನು ಹಳದಿ ಮೊದಲು ಹಾಕಿ ಆಮೇಲೆ ನೀಲಿಗೆ ಅದ್ದಿದ್ದೆ. ಸುಣ್ಣದ ನೀರು ಹಳದಿಯನ್ನು ಕೆಡಿಸಿ ಕಲೆ ಕಲೆ ಮಾಡಿತು. ಆದ್ದರಿಂದ ನೀಲಿ ಮೊದಲು. ಒಣಗಿಸಿ, ಚೆನ್ನಾಗಿ ತೊಳೆದು, ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸಬೇಕು. ಆಮೇಲೆ ಪಟಿಕ, 100 ಗ್ರಾಂ ಬಟ್ಟೆಗೆ 15 ಗ್ರಾಂ. ಕೊನೆಗೆ ಹಲಸಿನ ಕಷಾಯ. ಹತ್ತಿ ಬಟ್ಟೆಗೆ ಅಳಲೆ, ಪಟಿಕ ಎರಡೂ ಇಲ್ಲದಿದ್ದರೆ ಬಣ್ಣ ಹಿಡಿಯುವುದೇ ಇಲ್ಲ ಅನ್ನಬಹುದು.

ಕಾಫಿ ಹೂವನ್ನು ಬಿಡಲು ಮನಸ್ಸಾಗಲಿಲ್ಲ. ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಸೈಕಲ್ಲಿನಲ್ಲಿ ಹೋಗುವಾಗ ಹೂ ಕಾಣುವ ಮೊದಲೇ ತಿರುವಿನ ಆಚೆಯಿಂದ ವಾಸನೆ ಬರುತ್ತದೆ. ಮೂರು ನಾಲ್ಕು ದಿನ, ಆಮೇಲೆ ಇಲ್ಲ. ವಾಸನೆಯನ್ನು ಬಟ್ಟೆಗೆ ಹಾಕಲಾಗುವುದಿಲ್ಲ. ಬಣ್ಣ ಹಾಕುವ ಮೊದಲು ಬಟ್ಟೆಯಲ್ಲಿ ಕಾಳುಮೆಣಸು ಒಂದೊಂದೇ ಇಟ್ಟು ದಾರದಿಂದ ಬಿಗಿಯಾಗಿ ಕಟ್ಟಿದೆ. ಕಾಫಿ ಹೂ ರೆಂಬೆಯ ಉದ್ದಕ್ಕೂ ಗೆಣ್ಣು ಗೆಣ್ಣಿಗೆ ಗೊಂಚಲಾಗಿ ಕೂರುತ್ತದಲ್ಲ, ಹಾಗೇ ಸಾಲಾಗಿ. ಎಲ್ಲ ಬಣ್ಣ ಮುಗಿಯುವವರೆಗೂ ಬಿಚ್ಚಲಿಲ್ಲ. ಬಿಚ್ಚಿದಾಗ ಬಿಳಿ ಉಂಗುರಗಳು, ನಡುವೆ ಮೆಣಸು ಬಿಟ್ಟ ಕಂದು ಚುಕ್ಕೆ. ಆ ಚುಕ್ಕೆ ನನ್ನ ಯೋಜನೆಯಲ್ಲಿ ಇರಲಿಲ್ಲ. ಇಷ್ಟವಾಯಿತು, ಹಾಗೇ ಬಿಟ್ಟೆ.

ರಸ್ತೆಗೆ ಅಜ್ಜನ ಸೈಕಲ್ಲಿನ ಚೈನ್. ಎಷ್ಟೋ ಮಳೆಗಾಲ ಕಂಡು ಪೂರ್ತಿ ತುಕ್ಕು ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ಉಜ್ಜಿ ಜಿಡ್ಡು ತೆಗೆದು, ಸೋಪಿನಲ್ಲಿ ತೊಳೆದೆ. ಜಿಡ್ಡು ಉಳಿದರೆ ಬಟ್ಟೆಗೆ ಎಣ್ಣೆ ಕಲೆ ಬೀಳುತ್ತದೆ, ತುಕ್ಕು ಬೀಳುವುದಿಲ್ಲ. ಆಮೇಲೆ ವಿನೆಗರ್ ಹಚ್ಚಿ, ಒದ್ದೆ ಬಟ್ಟೆಯ ಮೇಲೆ ಮಗ್ಗುಲಾಗಿ ಮಲಗಿಸಿದೆ. ಹಾಗೆ ಮಲಗಿಸಿದರೆ ಚೈನ್ ತಿರುವುಗಳಿಗೆ ತಾನೇ ಬಾಗುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಸಿದೆ, ಗದ್ದೆ ಕೆಲಸಕ್ಕೆ ಹಾಕುವ ಹಳೇ ಕೊಪ್ಪೆಯದು. ಅದರ ಮೇಲೆ ಹಂಚಿನ ತುಂಡುಗಳನ್ನು ಹೇರಿ ರಾತ್ರಿಯಿಡೀ ಬಿಟ್ಟೆ. ಚೈನಿನ ಉದ್ದ ಒಂದೂವರೆ ಮೀಟರಿಗೂ ಸ್ವಲ್ಪ ಕಡಿಮೆ. ಹಾಗಾಗಿ ಮೂರು ರಾತ್ರಿ ಜರುಗಿಸಿ ಜರುಗಿಸಿ ಇಡಬೇಕಾಯಿತು. ಒಂದು ಕೊಂಡಿ ಅರ್ಧ ಇಂಚು. ನನ್ನ ಲೆಕ್ಕದಲ್ಲಿ ಅದು 127 ಮೀಟರ್ ರಸ್ತೆ.

ಬೆಳಗ್ಗೆ ಎತ್ತಿ ನೋಡಿದರೆ ಕೊಂಡಿ ಕೊಂಡಿಯೂ ಕಪ್ಪಗೆ ಮೂಡಿತ್ತು. ಅಳಲೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ಹುಟ್ಟುತ್ತದೆ, ಹಿಂದೆ ಶಾಯಿ ಮಾಡುತ್ತಿದ್ದದ್ದೂ ಹೀಗೇ. ಚೈನಿನ ಅಕ್ಕಪಕ್ಕದ ಹಸಿರು ಮಂಕಾಗಿ, ರಸ್ತೆ ಬದಿಯಲ್ಲಿ ಧೂಳು ಕುಡಿದು ನಿಂತ ಎಲೆಗಳ ಬಣ್ಣಕ್ಕೆ ತಿರುಗಿತ್ತು. ವಿರಾಜಪೇಟೆ ತುದಿ ಮಾತ್ರ ಅಳಲೆ ನೀರಿಗೆ ಸರಿಯಾಗಿ ಮುಳುಗಿರಲಿಲ್ಲ. ಅಲ್ಲಿ ಕಪ್ಪಿಲ್ಲ, ಬರೀ ಕಿತ್ತಳೆ ತುಕ್ಕು. ಅದನ್ನೂ ಸರಿ ಮಾಡಲು ಹೋಗಲಿಲ್ಲ.

ಮೇಕೇರಿ ಕಡೆಯ ಬರೆಗಳಿಗೆ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ಗೋಡೆಗಳಿಗೆ, ಕೆಮ್ಮಣ್ಣನ್ನೇ ಬಳಸಿದೆ. ಮಣ್ಣು ಸೋಸಿ, ಸೋಯಾ ಹಾಲಿನಲ್ಲಿ ಕಲಸಿ ಬ್ರಷ್ಷಿನಲ್ಲಿ ತೆಳ್ಳಗೆ ಎಳೆದೆ. ಹಾಲಿನ ಅಂಟಿಗೆ ಮಣ್ಣು ಬಟ್ಟೆ ಹಿಡಿಯುತ್ತದೆ. ಎಷ್ಟು ಅಗಲ ಎಳೆಯುವುದು ಅಂತ ತುಂಬಾ ಹೊತ್ತು ಕೂತೆ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಜಾರಿದ ಮೇಲೆ ಹಸಿರಿನ ನಡುವೆ ಕೆಂಪು ಕಂಡರೆ ನಾವು ಒಮ್ಮೆ ಮೇಲಕ್ಕೆ ನೋಡಿಯೇ ಮುಂದೆ ಹೋಗುತ್ತೇವೆ. ಒಂದು ಬೆರಳಿನ ಅಗಲ ಸಾಕು ಅನ್ನಿಸಿತು.

ಹೊಲಿಗೆಗೆ ಒಂದೂವರೆ ತಿಂಗಳು ಹಿಡಿಯಿತು, ಹೇಳಲು ಇರುವುದು ಕಡಿಮೆ. ಕೌದಿಯ ಓಡು ಹೊಲಿಗೆ, ಅಷ್ಟೇ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಧಾರವಾಡದವಳು, ಅವಳ ಅಜ್ಜಿ ಹೊಲಿದ ಕೌದಿಯನ್ನೇ ನೋಡಿ ಕಲಿತೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತ ಬರುತ್ತಾ ನಡುವಿಗೆ ಮುಗಿಸುತ್ತಾರೆ. ನನ್ನದು ರಸ್ತೆ, ಹಾಗಾಗಿ ಒಂದು ತುದಿಯಿಂದ ಇನ್ನೊಂದಕ್ಕೆ. ಇಳಿಜಾರಿನಲ್ಲಿ ಒಂದು ಇಂಚಿನ ಸಡಿಲ ಹೊಲಿಗೆ. ಸಮನಾದ ಕಡೆ ಅದರ ಕಾಲುಭಾಗ. ಏರಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣದು, ಐದಾರು ಹಾಕಿ ದಾರ ಎಳೆದು ಗಂಟು. ಎಳೆದಾಗ ಬಟ್ಟೆ ಮುದುಡಿ ನೆರಿಗೆ ಏಳುತ್ತದೆ. ಇಳಿದು ತಳ್ಳಿದ ಮೂರು ಜಾಗಗಳಲ್ಲಿ ಓಡು ಹೊಲಿಗೆ ನಿಲ್ಲಿಸಿ ಅಡ್ಡ ಹೊಲಿಗೆ ಹಾಕಿದೆ, ಹೆಜ್ಜೆಗೊಂದರ ಹಾಗೆ. ಎರಡೇ ಹಾಕಿ ಸುಮ್ಮನಿರೋಣ ಅಂತ ಒಮ್ಮೆ ಅನ್ನಿಸಿದ್ದು ನಿಜ.

ಒಂದು ವಿಷಯ ಮೊದಲೇ ಯೋಚಿಸಿರಲಿಲ್ಲ. 3 ಮೀಟರ್ ಬಟ್ಟೆಯಲ್ಲಿ ತಿರುವು ಮುರುವು ಹಾಕಿದ ಮೇಲೆ ಬಳಕೆಯಾದದ್ದು ಎರಡೂಮುಕ್ಕಾಲು. ನೆರಿಗೆ ಎಳೆದ ಮೇಲೆ ಉಳಿದದ್ದು ಎರಡೂಕಾಲು. ತೂಗುಹಾಕಲು ಬಡಗಿಯ ಹತ್ತಿರ 3 ಮೀಟರ್ ಕೋಲು ಮಾಡಿಸಿಟ್ಟಿದ್ದೆ. ಪ್ರದರ್ಶನದ ದಿನ ಅರ್ಧದಷ್ಟು ಜನ "ಇನ್ನೊಂದು ಪೀಸ್ ಎಲ್ಲಿ?" ಅಂತ ಕೇಳಿದರು. ನೋಡಲು ಬಂದ ಒಬ್ಬರು ಕಣ್ಣಿನಿಂದ ನೋಡುವ ಬದಲು ಬೆರಳನ್ನು ರಸ್ತೆಯ ಮೇಲೆ ಓಡಿಸಿದರು. ಬೇತ್ರಿಯವರೆಗೆ ಬೆರಳು ಜಾರಿಕೊಂಡು ಹೋಯಿತು. ಮೇಕೇರಿ ಹತ್ತಿರ ನೆರಿಗೆಗಳಿಗೆ ಸಿಕ್ಕಿ ನಿಂತಿತು. "ಏರಾ?" ಅಂದರು. ಮೇಡಂ ಅಲ್ಲೇ ನಿಂತಿದ್ದರು, ಏನೂ ಹೇಳಲಿಲ್ಲ. ಮಾರ್ಕ್ಸು ಪರವಾಗಿಲ್ಲ, ಬಂತು.

ಮಾಡಬಾರದಿದ್ದ ತಪ್ಪು ಆಮೇಲೆ ಗೊತ್ತಾಯಿತು. ತುಕ್ಕು ಹಾಕಿದ ಬಟ್ಟೆಯನ್ನು ಅಡುಗೆ ಸೋಡಾ ನೀರಿನಲ್ಲಿ ಚೆನ್ನಾಗಿ ನೆನೆಸಿ ವಿನೆಗರಿನ ಹುಳಿ ತೆಗೆಯಬೇಕು. ಎರಡು ಸಲ ಮಾಡಿದೆ. ಮೂರನೇ ರಾತ್ರಿಯದ್ದಕ್ಕೆ ಅವಸರದಲ್ಲಿ ಬರೀ ನೀರು ಹಾಕಿ ತೊಳೆದುಬಿಟ್ಟೆ. ಸೋಡಾ ಹಾಕಿದರೂ ಕಬ್ಬಿಣ ಹತ್ತಿಯನ್ನು ನಿಧಾನಕ್ಕೆ ತಿನ್ನುತ್ತದೆ, ಹುಳಿ ಉಳಿದರಂತೂ ಬೇಗ. ಮಡಿಕೇರಿ ತುದಿಯಲ್ಲಿ ಈಗ ಎರಡು ಕೊಂಡಿಗಳು ಬಟ್ಟೆಯಿಂದ ಉದುರಿ ತೂತಾಗಿವೆ. ಸುಮಾರು ಕಾಲು ಕಿಲೋಮೀಟರ್ ರಸ್ತೆ ಇಲ್ಲ! ಅಪ್ಪ ನೋಡಿ, "ನಿಜವಾದ ರಸ್ತೆಗಿಂತ ವಾಸಿ" ಅಂದರು.

ಬಟ್ಟೆ ಈಗ ಮನೆಯಲ್ಲಿ ಅಡುಗೆಮನೆಯ ಗೋಡೆಯ ಮೇಲಿದೆ. ಬೇರೆ ಕಡೆ ಹಾಕಿದರೆ ಜೂನಿನಿಂದ ಬೂಷ್ಟು ಹಿಡಿಯುತ್ತದೆ, ಒಲೆಯ ಬೆಚ್ಚಗೆ ಬೇಕು ಅನ್ನುವುದು ಅಜ್ಜಿಯ ತೀರ್ಮಾನ. ಹೊಗೆಗೆ ಬಣ್ಣ ಏನಾಗುತ್ತದೋ ನೋಡಬೇಕು. ಮಳೆ ಶುರುವಾಗುವ ಮೊದಲು ತೂತಿಗೆ ಹಿಂದಿನಿಂದ ತೆಳ್ಳಗಿನ ಮಲ್ ಬಟ್ಟೆ ಹಚ್ಚಬೇಕು. ಅದಕ್ಕೆ ಬೇಕಾದ ಕಪ್ಪು ದಾರ ಮೂರ್ನಾಡಿನಲ್ಲಿ ಸಿಗಲಿಲ್ಲ. ಮಡಿಕೇರಿಗೇ ಹೋಗಬೇಕು, ಸೈಕಲ್ಲಿನಲ್ಲೇ.