ಗಾಡಿ ಒಂದು ಕಡೆ ಎಳೆದರೆ ಮೊದಲು ಹವಾ, ಕೊನೆಗೆ ಅಲೈನ್‌ಮೆಂಟ್

ಸ್ಟೀರಿಂಗ್ ಎಡಕ್ಕೆ ಎಳೆದ ಕೂಡಲೇ ಚಕ್ರಗಳ ಓರೆ ಸರಿಪಡಿಸುವ ಅಲೈನ್‌ಮೆಂಟ್ ಅಂಗಡಿಗೆ ಹೋಗುವುದು ಕಲಬುರಗಿಯಲ್ಲಿ ರೂಢಿ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಒಂದು ಟೈರಿನಲ್ಲಿ ಹವಾ ಇಳಿದಿದ್ದರೆ ಗಾಡಿ ಆ ಬದಿಗೆ ಬಾಗಿ ನಿಲ್ಲುತ್ತದೆ, ಮಷೀನು ಆ ಬಾಗನ್ನೇ ಅಳೆಯುತ್ತದೆ.

ನಮ್ಮ ಬಿಸಿಲಿನಲ್ಲಿ ಲೆಕ್ಕ ತಪ್ಪುವುದು ಹವಾದಲ್ಲೇ. ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್‌ ಮೇಲೆ 33 ಪಿಎಸ್‌ಐ ಎಂದಿದ್ದರೆ ಅದು ತಣ್ಣಗಿರುವ ಟೈರಿನ ಅಳತೆ. (ಟೈರಿನ ಮೇಲೆಯೇ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬಾರದು.) ಉಷ್ಣತೆ 5–6 ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ, ಅದೂ ಜೇವರ್ಗಿ ಕಡೆಯಿಂದ ಓಡಿ ಬಂದ ಟೈರು, ಬಂಕಿನಲ್ಲಿ 4–5 ಹೆಚ್ಚೇ ತೋರಿಸುತ್ತದೆ. ಅಲ್ಲಿ 33ಕ್ಕೆ ನಿಲ್ಲಿಸಿದರೆ ಮರುದಿನ ಬೆಳಿಗ್ಗೆ 28–29 ಇರುತ್ತದೆ.

ಹಾಗಾಗಿ ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಸ್ವಂತ ಗೇಜಿನಿಂದ ನಾಲ್ಕೂ ಟೈರು ನೋಡಿ, ಎಷ್ಟು ಕಮ್ಮಿ ಎಂಬುದನ್ನಷ್ಟೇ ಬರೆದುಕೊಳ್ಳುತ್ತೇನೆ. ಬೆಳಿಗ್ಗೆ 30 ಇದ್ದರೆ 3 ಕಮ್ಮಿ. ಬಂಕಿನ ಮೀಟರು 34 ತೋರಿಸಿದರೆ 37ಕ್ಕೆ ಹಾಕಿಸುತ್ತೇನೆ. ಅಂತರವನ್ನಷ್ಟೇ ತುಂಬುವುದರಿಂದ ಆ ಮೀಟರು ಒಂದೆರಡು ಪಾಯಿಂಟು ಸುಳ್ಳು ಹೇಳಿದರೂ ನಡೆಯುತ್ತದೆ. ಬಿಸಿ ಟೈರಿನ ಹವಾ ಮಾತ್ರ ಬಿಡಬಾರದು. ಬೀದರ್ ಕಡೆಯವರು ಡಿಸೆಂಬರ್ ಚಳಿಯಲ್ಲಿ ಮತ್ತೊಮ್ಮೆ ನೋಡಲೇಬೇಕು.

ಮುಂದಿನ ಟೈರುಗಳಲ್ಲಿ ಹವಾ ಕಮ್ಮಿಯಾದರೆ ಸ್ಟೀರಿಂಗ್ ಭಾರ, ತಿರುವಿನಲ್ಲಿ ಗಾಡಿ ಹೊರಕ್ಕೆ ಹೋಗುತ್ತದೆ. ಹಿಂದಿನವುಗಳಲ್ಲಿ ಕಮ್ಮಿಯಾದರೆ ಲಾರಿ ಹಿಂದಿಕ್ಕುವಾಗ ಹಿಂಭಾಗ ತೂಗಾಡುತ್ತದೆ; ಇದು ಹೆಚ್ಚು ಅಪಾಯ. ಎರಡೂ ಅಂಚು ಸವೆದಿದ್ದರೆ ಹವಾ ಕಮ್ಮಿ, ನಡುವೆ ಸವೆದಿದ್ದರೆ ಹೆಚ್ಚು.

ಹವಾ ಸರಿಮಾಡಿದ ಮೇಲೂ ಎಳೆದರೆ ಮುಂದಿನ ಎರಡು ಚಕ್ರ ಎಡಬಲ ಅದಲುಬದಲು ಮಾಡಿ ಓಡಿಸಿ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದು, ಅಲೈನ್‌ಮೆಂಟಿಗೆ ಕೊಡುವ ದುಡ್ಡು ಉಳಿಯಿತು. ಟೈರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣವಿದ್ದರೆ ಅದೇ ಬದಿಯ ಹಿಂದಿನ ಚಕ್ರದೊಂದಿಗೆ ಬದಲಿಸಿ. ಪರೀಕ್ಷೆಗೆ ಸಪಾಟು ರಸ್ತೆ ಬೇಕು. ನೀರು ಹರಿಯಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ, ಎಡಕ್ಕೆ ಸ್ವಲ್ಪ ಜಾರುವುದು ಸಹಜ. ಎರೆ ಭೂಮಿಯ ಮೇಲಿನ ರಸ್ತೆಗಳಲ್ಲಂತೂ ಅಂಚು ಕುಸಿದು ಇಳಿಜಾರು ಇನ್ನೂ ಹೆಚ್ಚು.

ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಚಕ್ರ ಅಲ್ಲಾಡಿಸಿ ನೋಡುವುದು. ಎಡಬಲ ಹಿಡಿದಾಗ ಮಾತ್ರ ಆಟ (ಸಡಿಲ) ಇದ್ದರೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಸರಳಿನ ತುದಿ; ಮೇಲೆ ಕೆಳಗೆ ಹಿಡಿದಾಗ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್ನಿಗೆ ಕೂಡಿಸುವ ಗುಂಡು ಕೀಲು). ಆಟವಿರುವ ಗಾಡಿಗೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಟೋ, ಅಂದರೆ ಮುಂದಿನ ಎರಡು ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಓರೆಯನ್ನು ಮನೆಯಲ್ಲೇ ಅಳೆಯಬಹುದು. ಶಹಾಬಾದ್ ಫರಸಿ ಹಾಸಿದ ಸಪಾಟು ಅಂಗಳ ಸಾಕು. ಮುಂದಿನ ಚಕ್ರ ಎತ್ತಿ, ತಿರುಗಿಸುತ್ತಾ, ಅಲ್ಲಾಡದಂತೆ ಹಿಡಿದ ಮೊಳೆಯಿಂದ ಟೈರಿನ ನಡುವೆ ಸುತ್ತಲೂ ಗೆರೆ ಎಳೆಯಿರಿ, ಇನ್ನೊಂದಕ್ಕೂ ಹಾಗೆಯೇ. ಇಳಿಸಿದ ಮೇಲೆ ನಾಲ್ಕೈದು ಮೀಟರ್ ಮುಂದಕ್ಕೆ ತಳ್ಳಲೇಬೇಕು, ಇಲ್ಲದಿದ್ದರೆ ಜಾಕಿನಿಂದಿಳಿದ ಚಕ್ರ ತನ್ನ ಜಾಗಕ್ಕೆ ಬಂದಿರುವುದಿಲ್ಲ. ಸ್ಟೀರಿಂಗ್ ನೇರವಿಟ್ಟು, ನೆಲದಿಂದ ಒಂದೇ ಎತ್ತರದಲ್ಲಿ, ಎರಡು ಗೆರೆಗಳ ನಡುವಿನ ದೂರವನ್ನು ಟೈರಿನ ಮುಂದೆಯೂ ಹಿಂದೆಯೂ ಅಳೆಯಿರಿ. ಹಿಂದಿನದು ಹೆಚ್ಚಿದ್ದರೆ ಟೋ ಇನ್, ಮುಂದಿನದು ಹೆಚ್ಚಿದ್ದರೆ ಟೋ ಔಟ್. ಎಷ್ಟಿರಬೇಕೆಂಬುದು ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಸೊನ್ನೆಯ ಆಚೀಚೆ ಒಂದೆರಡು ಮಿ.ಮೀ.

ತಿದ್ದುವಾಗ ಟೈ ರಾಡ್ ಮೇಲೆ ಬಣ್ಣದ ಗುರುತು ಹಾಕಿ, ಲಾಕ್ ನಟ್ ಸಡಿಲಿಸಿ, ಎರಡೂ ಬದಿ ಸಮವಾಗಿ ತಿರುಗಿಸಿ. ಒಂದೇ ಬದಿ ತಿರುಗಿಸಿದರೆ ನೇರ ಹೋಗುವಾಗ ಸ್ಟೀರಿಂಗ್ ಓರೆ ನಿಲ್ಲುತ್ತದೆ. ಒಮ್ಮೆಗೆ ಕಾಲು ಸುತ್ತು ದಾಟಬೇಡಿ. ಮತ್ತೆ ತಳ್ಳಿ, ಮತ್ತೆ ಅಳೆಯಿರಿ.

ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವುದು), ಕ್ಯಾಸ್ಟರ್ (ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವುದು) ಅಳೆಯಲು ಮಷೀನೇ ಬೇಕು. ಬಹುತೇಕ ಸಣ್ಣ ಕಾರುಗಳಲ್ಲಿ ಅವೆರಡನ್ನು ತಿರುಗಿಸಲು ಬೋಲ್ಟೇ ಇರುವುದಿಲ್ಲ. ಅಲೈನ್‌ಮೆಂಟಿಗೆ ಮೊದಲಿನ ಮತ್ತು ನಂತರದ ಎರಡೂ ಪ್ರಿಂಟ್ ಕೇಳಿ ಪಡೆಯಿರಿ. ಒಂದೇ ಬದಿಯ ಕ್ಯಾಂಬರ್ ತಪ್ಪಿದ್ದರೆ ಗುಂಡಿಗೆ ಬಿದ್ದು ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಅಥವಾ ಸ್ಟ್ರಟ್ ಬಗ್ಗಿರಬಹುದು. ಅದನ್ನು ನೋಡದೆ ಟೋ ಮಾತ್ರ ತಿರುಗಿಸಿ ‘ಆಯ್ತು ಸರ್’ ಅನ್ನುವ ಅಂಗಡಿಗೆ ನಾನು ಮತ್ತೆ ಹೋಗುವುದಿಲ್ಲ.